ಪೆಂಟಿಮೆಂಟ್: ದೊಡ್ಡ ಕಂಪನಿಯ ಹಣ, ಸಣ್ಣ ತಂಡದ ಆಟ

ಅಬ್ಸಿಡಿಯನ್ ಎಂಟರ್‌ಟೇನ್‌ಮೆಂಟ್ ಎಂಬ, ವಿಡಿಯೊ ಗೇಮ್ ತಯಾರಿಸುವ ಸ್ವತಂತ್ರ ಸ್ಟುಡಿಯೊವನ್ನು ಕೊಂಡುಕೊಳ್ಳುತ್ತಿರುವುದಾಗಿ ಮೈಕ್ರೋಸಾಫ್ಟ್ 2018ರ ನವೆಂಬರ್ 10ರಂದು ಪ್ರಕಟಿಸಿದಾಗ, ಕಥೆಗೆ ಹೆಚ್ಚು ಬೆಲೆ ಕೊಡುವ ರೋಲ್ ಪ್ಲೇಯಿಂಗ್ ಆಟಗಳನ್ನು (ಆಟಗಾರನೇ ಒಂದು ಪಾತ್ರವಾಗಿ ಕಥೆಯಲ್ಲಿ ಸಾಗುವ ಆಟಗಳನ್ನು) ಮೆಚ್ಚುವ ನನ್ನಂಥ ಹಲವರಿಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಗಿತ್ತು. ಅದಾಗಿ ನಾಲ್ಕು ವರ್ಷಗಳ ಮೇಲೆ, 2022ರ ನವೆಂಬರ್ 15ರಂದು, ಅದೇ ಸ್ಟುಡಿಯೊದಿಂದ 'ಪೆಂಟಿಮೆಂಟ್' ಹೊರಬಂತು. ಈ ಖರೀದಿಯಿಂದ ಒಳಿತಾಯಿತೋ ಕೆಡುಕಾಯಿತೋ ಎಂದು ಚರ್ಚಿಸುವವರು ಸಾಮಾನ್ಯವಾಗಿ 2025ರಲ್ಲಿ ಬಂದ 'ಅವೋಡ್', 'ದಿ ಔಟರ್ ವರ್ಲ್ಡ್ಸ್ 2' ಮುಂತಾದ ದೊಡ್ಡ ಆಟಗಳನ್ನೇ ಮುಂದಿಟ್ಟುಕೊಂಡು ಮಾತನಾಡುತ್ತಾರೆ. ಅಂಥ ಆಟಗಳಿಗೆ ಬೇರೆ ಪ್ರಕಾಶಕರೂ ಹಣ ಹೂಡುತ್ತಿದ್ದರು. ಪೆಂಟಿಮೆಂಟ್‌ಗೆ ಹಣ ಹೂಡುವವರು ಬೇರೆ ಯಾರೂ ಸಿಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ. ಆದ್ದರಿಂದ ಈ ಆಟವನ್ನು ಆಟವಾಗಿಯೂ, ಆ ಖರೀದಿಯ ಫಲವಾಗಿಯೂ ಇಲ್ಲಿ ವಿಮರ್ಶಿಸುತ್ತೇನೆ. ನನ್ನ ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಇತ್ತೀಚಿನ ವರ್ಷಗಳಲ್ಲಿ ನಾನು ಆಡಿದ ಕಥಾಪ್ರಧಾನ ಆಟಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದುದು ಇನ್ನೊಂದಿಲ್ಲ.

ಕಥೆ ನಡೆಯುವುದು ಹದಿನಾರನೆಯ ಶತಮಾನದ ಬವೇರಿಯಾದಲ್ಲಿ, ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿರುವ ಟಾಸಿಂಗ್ ಎಂಬ ಕಾಲ್ಪನಿಕ ಊರಿನಲ್ಲಿ. ಊರಿನ ಪಕ್ಕದಲ್ಲೇ ಕೀರ್ಸಾವ್ ಎಂಬ, ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಮಠವಿದ್ದು, ಅಲ್ಲಿ ಸನ್ಯಾಸಿಗಳೂ ಸನ್ಯಾಸಿನಿಯರೂ ಇದ್ದಾರೆ. ಊರಿನ ಹೊಲಗಳ ಮೇಲಿನ ಹಕ್ಕೂ ಕಂದಾಯವೂ ಆ ಮಠದ್ದೇ. ನ್ಯೂರೆಂಬರ್ಗ್‌ನಿಂದ ಬಂದಿರುವ ಆಂಡ್ರಿಯಾಸ್ ಮಾಲರ್ ಎಂಬ ತರುಣ ಚಿತ್ರಕಾರನ ಪಾತ್ರವನ್ನು ಆಟಗಾರ ವಹಿಸುತ್ತಾನೆ. ಆಂಡ್ರಿಯಾಸ್ ರೈತನೊಬ್ಬನ ಮನೆಯಲ್ಲಿ ಉಳಿದುಕೊಂಡು, ಹಗಲು ಮಠದ ಲಿಪಿಶಾಲೆಯಲ್ಲಿ ಕೈಬರಹದ ಪುಸ್ತಕಗಳಿಗೆ ಚಿತ್ರ ಬರೆಯುತ್ತಾ, ತನ್ನ ಕಸುಬಿನಲ್ಲಿ ಗುರುವಿನ ಪಟ್ಟಕ್ಕೇರಲು ಬೇಕಾದ ಕೃತಿಯನ್ನು ಮುಗಿಸುವ ಪ್ರಯತ್ನದಲ್ಲಿದ್ದಾನೆ. ಅಷ್ಟರಲ್ಲಿ ಮಠಕ್ಕೆ ಬಂದ ಬ್ಯಾರನ್ ಪದವಿಯ ಸಿರಿವಂತನೊಬ್ಬನ ಕೊಲೆಯಾಗುತ್ತದೆ. ಆಂಡ್ರಿಯಾಸನಿಗೆ ಲಿಪಿಶಾಲೆಯಲ್ಲಿ ಗುರುವಿನಂತಿದ್ದ ವೃದ್ಧ ಪಿಯೆರೊ ಮೇಲೆ ಆರೋಪ ಬೀಳುತ್ತದೆ. ಆ ಮುದುಕನನ್ನು ಉಳಿಸಬೇಕಾದರೆ ವಿಚಾರಣೆಗಾಗಿ ಧರ್ಮಾಧಿಕಾರಿ ಬರುವುದರೊಳಗೆ ಬೇರೊಬ್ಬರ ಮೇಲೆ ಸಾಕ್ಷ್ಯ ಒದಗಿಸಬೇಕು. 1518ರಲ್ಲಿ ಶುರುವಾಗುವ ಈ ಕಥೆ ಮೂರು ಭಾಗಗಳಲ್ಲಿ ಇಪ್ಪತ್ತೈದು ವರ್ಷಗಳನ್ನು ದಾಟಿ ಸಾಗುತ್ತದೆ. ಮುಂದೆ ಏನಾಗುತ್ತದೆ ಎಂಬುದನ್ನು, ಆಟವನ್ನು ಇನ್ನೂ ಆಡದವರ ಹಿತಕ್ಕಾಗಿ, ಸಾಧ್ಯವಾದಷ್ಟು ಬಿಟ್ಟುಕೊಡದೆ ಮಾತನಾಡುತ್ತೇನೆ.

ಈ ಆಟದಲ್ಲಿ ಕತ್ತಿಕಾಳಗವಿಲ್ಲ, ಮಂತ್ರವಿದ್ಯೆಯಿಲ್ಲ, ಪಾತ್ರದ ಬಲವನ್ನು ಅಂಕಿಗಳಲ್ಲಿ ಏರಿಸುವ ಏರ್ಪಾಡೂ ಇಲ್ಲ. ಪಾತ್ರಗಳ ಮಾತಿಗೆ ಧ್ವನಿಯೂ ಇಲ್ಲ. ಇರುವುದೆಲ್ಲ ನಡೆದಾಟ, ಮಾತುಕತೆ, ಊಟ ಮತ್ತು ಓದು. ಹಾಗಿದ್ದರೂ ಇದನ್ನು ರೋಲ್ ಪ್ಲೇಯಿಂಗ್ ಆಟವೆಂದು ಕರೆಯಲು ನನಗೆ ಸ್ವಲ್ಪವೂ ಸಂಕೋಚವಿಲ್ಲ. ಒಬ್ಬ ಮನುಷ್ಯನ ಸ್ವಭಾವವನ್ನು ಆಟಗಾರನೇ ಆರಿಸಿ, ಆ ಆಯ್ಕೆಗೆ ಬೆಲೆ ತೆರುವಂತೆ ಮಾಡುವುದು ಈ ಪ್ರಕಾರದ ಜೀವಾಳವಾದರೆ, ಅದನ್ನು ಪೆಂಟಿಮೆಂಟ್ ನೂರು ಗಂಟೆಗಳ ಮಹಾಸಾಹಸಗಳಿಗಿಂತ ಚೆನ್ನಾಗಿ ಸಾಧಿಸಿದೆ. ಆಂಡ್ರಿಯಾಸ್ ಯಾವ ವಿದ್ಯೆ ಕಲಿತವನು, ಯಾವ ದೇಶದಲ್ಲಿ ಅಲೆದಾಡಿ ಬಂದವನು, ಬಿಡುವಿನ ವೇಳೆಯಲ್ಲಿ ಎಂಥ ಸಹವಾಸ ಮಾಡಿದವನು ಎಂಬುದನ್ನೆಲ್ಲ ಆರಂಭದ ಸಂಭಾಷಣೆಗಳಲ್ಲೇ ನಾವು ನಿರ್ಧರಿಸುತ್ತೇವೆ. ವೈದ್ಯಶಾಸ್ತ್ರ ಓದಿದವನು ಹೆಣವನ್ನು ನೋಡುವ ರೀತಿಯೇ ಬೇರೆ, ಕಾನೂನು ಓದಿದವನು ಮಠದ ಹಕ್ಕುಪತ್ರವನ್ನು ಓದುವ ರೀತಿಯೇ ಬೇರೆ. ಆದರೆ ವಿದ್ಯೆ ಸದಾ ಉಪಕಾರಕ್ಕೇ ಬರುತ್ತದೆ ಎಂದುಕೊಳ್ಳಬೇಕಾಗಿಲ್ಲ. ತಿಳಿದವನೆಂಬ ಉತ್ಸಾಹದಲ್ಲಿ ಬಾಯಿ ಹಾಕಿದ ಒಂದು ಮಾತು ಎದುರಿನವರ ಮನಸ್ಸನ್ನು ಕಹಿ ಮಾಡಿ, ಬಹಳ ಹೊತ್ತಿನ ಮೇಲೆ, ಅವರ ಸಹಾಯ ನಿಜವಾಗಿಯೂ ಬೇಕಾದಾಗ, ನಮ್ಮ ಕೋರಿಕೆಗೆ ಅಡ್ಡ ನಿಲ್ಲುತ್ತದೆ. ಮನವೊಲಿಸಬೇಕಾದ ಅಂಥ ಘಟ್ಟದಲ್ಲಿ, ಹಿಂದೆ ನಾವಾಡಿದ ಯಾವ ಯಾವ ಮಾತು ಪರವಾಗಿ ನಿಂತಿತು, ಯಾವುದು ವಿರುದ್ಧವಾಯಿತು ಎಂಬುದನ್ನು ಆಟ ಸಾಲಾಗಿ ತೋರಿಸುತ್ತದೆ. ದಾಳ ಉರುಳಿಸಿ ಅದೃಷ್ಟಕ್ಕೆ ಬಿಡುವ ಪದ್ಧತಿಗಿಂತ ಈ ಲೆಕ್ಕ ನ್ಯಾಯವಾದದ್ದು.

ಇನ್ನು ಈ ಆಟದ ಅತಿ ದೊಡ್ಡ ಸಾಧನೆಯಾದ ಅಕ್ಷರಗಳ ವಿಷಯ. ಪ್ರತಿಯೊಬ್ಬರ ಮಾತೂ ತೆರೆಯ ಮೇಲೆ ಬರವಣಿಗೆಯಾಗಿ ಮೂಡುತ್ತದೆ. ಆ ಬರವಣಿಗೆಯ ಬಗೆ, ಆಡುವವರು ಯಾರೆಂದು ಆಂಡ್ರಿಯಾಸ್ ಭಾವಿಸಿದ್ದಾನೋ ಅದಕ್ಕೆ ತಕ್ಕಂತಿರುತ್ತದೆ. ರೈತರ ಮಾತು ಒರಟು ಕೈಬರಹದಲ್ಲಿ ಬಂದರೆ, ಸನ್ಯಾಸಿಗಳ ಮಾತು ಮಠದ ಗ್ರಂಥಗಳಲ್ಲಿ ಕಾಣುವ ದಟ್ಟವಾದ ಗೋಥಿಕ್ ಅಕ್ಷರಗಳಲ್ಲಿ ಬರುತ್ತದೆ. ಇಟಲಿಯ ಹೊಸ ವಿದ್ಯೆಯ ಗಾಳಿ ಬೀಸಿದವರದ್ದು ಓರೆಯಾದ, ಹಗುರವಾದ ಬರಹ. ಮುದ್ರಣಕಾರ ಕ್ಲಾಸ್ ಡ್ರುಕರ್ ಮಾತನಾಡಿದಾಗಲಂತೂ ಅಕ್ಷರಗಳು ಒಂದೊಂದಾಗಿ ಮೂಡದೆ, ಅಚ್ಚಿನ ಮೊಳೆ ಜೋಡಿಸಿ ಒತ್ತಿದಂತೆ, ಸದ್ದಿನೊಡನೆ ಒಮ್ಮೆಗೇ ಹಾಳೆಯ ಮೇಲೆ ಬೀಳುತ್ತವೆ. ಒಬ್ಬ ವ್ಯಕ್ತಿಯನ್ನು ಅಕ್ಷರ ಬಾರದವನೆಂದು ಎಣಿಸಿದ್ದು, ಆತ ಓದಿದವನೆಂದು ಆಮೇಲೆ ತಿಳಿದರೆ, ಅಲ್ಲಿಂದ ಮುಂದೆ ಅವನ ಮಾತಿನ ಲಿಪಿಯೇ ಬದಲಾಗಿಬಿಡುತ್ತದೆ. ಬದಲಾದದ್ದು ಅವನಲ್ಲ, ಅವನನ್ನು ನೋಡುವ ಆಂಡ್ರಿಯಾಸನ ಕಣ್ಣು; ಜೊತೆಗೆ ನಮ್ಮ ಕಣ್ಣೂ ಕೂಡ. ವರ್ಗಭೇದದ ಬಗ್ಗೆ ಒಂದು ಮಾತನ್ನೂ ಆಡದೆ ವರ್ಗಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ.

ಬರೆಯುವಾಗ ತಪ್ಪುಗಳಾಗುತ್ತವೆ, ಅಕ್ಷರ ತಪ್ಪಿದರೆ ಅದನ್ನು ಅಳಿಸಿ ಮತ್ತೆ ಬರೆದದ್ದು ನಮಗೆ ಕಾಣುತ್ತದೆ. ಮಾತನಾಡುವವನಿಗೆ ಸಿಟ್ಟು ಬಂದರೆ ಮಸಿ ಚಿಮ್ಮುತ್ತದೆ. ದೇವರ ಹೆಸರು ಬರುವಲ್ಲಿ ಮೊದಲು ಜಾಗ ಖಾಲಿ ಉಳಿದು, ವಾಕ್ಯ ಮುಗಿದ ಮೇಲೆ ಕೆಂಪು ಶಾಯಿಯಲ್ಲಿ ಆ ಹೆಸರು ತುಂಬಿಕೊಳ್ಳುತ್ತದೆ. ಲಿಪಿಶಾಲೆಗಳಲ್ಲಿ ಕಪ್ಪು ಶಾಯಿಯ ಕೆಲಸವೆಲ್ಲ ಮುಗಿದ ಮೇಲೆ ಕೆಂಪು ಶಾಯಿಯ ಕೆಲಸವನ್ನು ಕೈಗೆತ್ತಿಕೊಳ್ಳುತ್ತಿದ್ದ ಪದ್ಧತಿಯನ್ನು ಇದು ನೆನಪಿಗೆ ತರುತ್ತದೆ. ನಮ್ಮ ಓಲೆಗರಿಯ ಲಿಪಿಕಾರರು ಬೆನ್ನು ಬಾಗಿಸಿ ಬರೆದು ಮುಗಿಸಿ, ಕಡೆಯ ಗರಿಯಲ್ಲಿ ತಪ್ಪಿದ್ದರೆ ತಿದ್ದಿ ಓದಿಕೊಳ್ಳಬೇಕೆಂದು ಓದುಗರನ್ನು ಬೇಡಿಕೊಂಡಿರುವುದನ್ನು ಕಂಡವರಿಗೆ, ಇಲ್ಲಿನ ತಿದ್ದುಪಡಿಗಳು ಕೇವಲ ಅಲಂಕಾರವಾಗಿ ತೋರುವುದಿಲ್ಲ. ಬರವಣಿಗೆ ಎನ್ನುವುದು ದೇಹಶ್ರಮ ಎಂಬ ಅರಿವು ಈ ಆಟದ ಉದ್ದಕ್ಕೂ ಇದೆ. ಈ ಅಕ್ಷರಗಳನ್ನು ರೂಪಿಸಿಕೊಟ್ಟದ್ದು ಲೆಟರ್‌ಮ್ಯಾಟಿಕ್ ಎಂಬ ಅಕ್ಷರವಿನ್ಯಾಸ ಸಂಸ್ಥೆ. ಹನಾ ಕೆನಡಿಯವರ ಕಲಾನಿರ್ದೇಶನದಲ್ಲಿ ಇಡೀ ದೃಶ್ಯಪ್ರಪಂಚವೇ ಹಸ್ತಪ್ರತಿಯ ಚಿತ್ರಗಳ ಮತ್ತು ಮರದಚ್ಚಿನ ಚಿತ್ರಗಳ ಶೈಲಿಯನ್ನು ಅನುಸರಿಸಿದೆ. ಪ್ರಾಚೀನ ಸಂಗೀತವನ್ನು ನುಡಿಸುವ ಆಲ್ಕಮಿ ತಂಡದ ಸಂಗೀತ ಹಿನ್ನೆಲೆಯಲ್ಲಿ ಹೆಚ್ಚು ಮಾತನಾಡುವುದಿಲ್ಲ. ಬಹಳ ಹೊತ್ತು ನದಿಯ ಸದ್ದು, ಗಂಟೆಯ ಸದ್ದು, ಲೇಖನಿಯ ಕರಕರ ಸದ್ದಷ್ಟೇ ಕೇಳುತ್ತಿರುತ್ತದೆ.

ಆ ಕಾಲದ ಪರಿಚಯವಿಲ್ಲದವರಿಗೆ ಅಂದಿನ ಮತವಿಚಾರಗಳು, ಹೆಸರುಗಳು, ಪದವಿಗಳು ತೊಡಕಾಗಬಹುದೆಂದು ಗ್ರಹಿಸಿ ತಯಾರಕರು ಒಂದು ಚಂದದ ಉಪಾಯ ಮಾಡಿದ್ದಾರೆ. ಅಡಿಗೆರೆಯಿರುವ ಪದವನ್ನು ಆರಿಸಿದರೆ ದೃಶ್ಯ ಹಿಂದಕ್ಕೆ ಸರಿದು, ನಾವು ಅಷ್ಟು ಹೊತ್ತು ನೋಡುತ್ತಿದ್ದದ್ದು ಪುಸ್ತಕವೊಂದರ ಪುಟ ಎಂದು ಗೊತ್ತಾಗುತ್ತದೆ. ಆ ಪುಟದ ಅಂಚಿನಲ್ಲಿ ವಿವರಣೆ ಬರೆದಿರುತ್ತದೆ. ಮಠಕ್ಕೆ ಬಂದಿರುವ ಇಥಿಯೋಪಿಯಾದ ಪಾದ್ರಿ ಸೆಬಾತ್ ಊರಿನವರಿಗೆ ಬೈಬಲ್ ಕಥೆ ಹೇಳುವಾಗ, ಚಿತ್ರಗಳು ಇಥಿಯೋಪಿಯಾದ ಹಸ್ತಪ್ರತಿಗಳ ಶೈಲಿಗೆ ತಿರುಗುತ್ತವೆ. ಯುರೋಪಿನ ಮಧ್ಯಯುಗವೆಂದರೆ ಹೊರಜಗತ್ತಿನ ಸಂಪರ್ಕವೇ ಇಲ್ಲದ ಒಂದೇ ಬಣ್ಣದ ಲೋಕ ಎಂದು ತೋರಿಸುವ ಆಟಗಳ ನಡುವೆ, ಈ ಒಂದು ದೃಶ್ಯಕ್ಕಾಗಿಯೇ ತಯಾರಕರನ್ನು ಅಭಿನಂದಿಸಬೇಕು.

ಕಾಲ ಸರಿಯುವುದು ಊಟದಿಂದ ಊಟಕ್ಕೆ. ಮಧ್ಯಾಹ್ನದ ಊಟವನ್ನು ಯಾರ ಮನೆಯಲ್ಲಿ ಮಾಡುತ್ತೇವೆ ಎಂಬುದರ ಮೇಲೆ ಆ ದಿನ ಯಾರ ಮಾತು ಕಿವಿಗೆ ಬೀಳುತ್ತದೆ ಎಂಬುದು ನಿಂತಿದೆ. ಒಂದು ಮನೆಗೆ ಹೋದರೆ ಇನ್ನೊಂದು ಮನೆಯ ಮಾತು ತಪ್ಪಿಹೋಗುತ್ತದೆ. ಊಟದ ಮೇಜನ್ನು ಮೇಲಿನಿಂದ ನೋಡಿದಂತೆ ತೋರಿಸಿ, ಯಾವುದನ್ನು ಮೊದಲು ತಿನ್ನಬೇಕೆಂದು ನಾವೇ ಆರಿಸುವಂತೆ ಮಾಡಿದ್ದಾರೆ. ರೈತನ ಮನೆಯ ರೊಟ್ಟಿಯ ಗಾತ್ರಕ್ಕೂ ಮಠಾಧಿಪತಿಯ ತಟ್ಟೆಗೂ ಇರುವ ಅಂತರವನ್ನು ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ. ವರ್ಷಗಳು ಕಳೆದ ಮೇಲೆ ಅದೇ ಮನೆಗೆ ಮತ್ತೆ ಊಟಕ್ಕೆ ಹೋದಾಗ ಪಂಕ್ತಿಯಲ್ಲಿ ಯಾರಿದ್ದಾರೆ, ಯಾರಿಲ್ಲ, ಮೇಜಿನ ಮೇಲೆ ಏನು ಕಡಿಮೆಯಾಗಿದೆ ಎಂಬುದನ್ನು ಗಮನಿಸಿದರೆ ಊರಿನ ಏಳುಬೀಳು ಅರ್ಥವಾಗುತ್ತದೆ.

ತನಿಖೆಗೆ ಇರುವ ಸಮಯ ಎಲ್ಲ ಸುಳಿವುಗಳನ್ನೂ ಬೆನ್ನಟ್ಟಲು ಸಾಲುವುದಿಲ್ಲ. ಸಾಲಬಾರದೆಂದೇ ಹಾಗೆ ರಚಿಸಲಾಗಿದೆ. ಕೊನೆಗೆ ಧರ್ಮಾಧಿಕಾರಿಯ ಮುಂದೆ ನಿಂತು ನಾವು ಯಾರತ್ತಲೋ ಬೆರಳು ತೋರಿಸಲೇಬೇಕು, ಹಾಗೆ ತೋರಿಸಿದ ವ್ಯಕ್ತಿಯ ತಲೆ ಹೋಗುತ್ತದೆ. ಕೊಲೆ ಮಾಡಿದವರು ನಿಜಕ್ಕೂ ಅವರೇ ಹೌದೋ ಅಲ್ಲವೋ ಎಂಬುದನ್ನು ಆಟ ಎಂದಿಗೂ ಖಚಿತಪಡಿಸುವುದಿಲ್ಲ. ಪತ್ತೇದಾರಿ ಕಥೆಯ ಅಭ್ಯಾಸವಿರುವ ಆಟಗಾರರಿಗೆ ಇದು ಅಸಮಾಧಾನ ತಂದಿರುವುದನ್ನು ಬಲ್ಲೆ. ಆದರೆ ಈ ಅನಿಶ್ಚಿತತೆಯನ್ನು ತೆಗೆದುಬಿಟ್ಟರೆ ಕಥೆಯ ಬೆನ್ನೆಲುಬೇ ಉಳಿಯುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಶಿಕ್ಷೆಗೆ ಗುರಿಯಾದವರ ಮಕ್ಕಳು, ನೆರೆಯವರು, ಅವರೊಂದಿಗೆ ಊಟ ಮಾಡಿದವರು ಆ ಊರಲ್ಲೇ ಬಾಳುತ್ತಾರೆ. ಏಳು ವರ್ಷಗಳ ಮೇಲೆ ಆಂಡ್ರಿಯಾಸ್ ಮರಳಿ ಬಂದಾಗ ಅವರೆಲ್ಲರೂ ಅವನನ್ನು ನೆನಪಿಟ್ಟುಕೊಂಡಿರುತ್ತಾರೆ. ಸರಿಯಾದ ಉತ್ತರ ಸಿಕ್ಕಿದ್ದರೆ ಆ ನೆನಪಿನ ಮುಂದೆ ನಾವು ನಿರಾಳವಾಗಿ ನಿಲ್ಲಬಹುದಾಗಿತ್ತು. ಆ ನಿರಾಳತೆಯನ್ನು ಆಟ ನಮಗೆ ಕೊಡುವುದಿಲ್ಲ.

ಎರಡನೆಯ ಭಾಗ ನಡೆಯುವುದು 1525ರಲ್ಲಿ, ಜರ್ಮನಿಯ ರೈತಬಂಡಾಯದ ವರ್ಷದಲ್ಲಿ. ಆ ವರ್ಷದ ಮಾರ್ಚ್‌ನಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ರೈತರು ಹನ್ನೆರಡು ಬೇಡಿಕೆಗಳ ಪಟ್ಟಿಯನ್ನು ಮುಂದಿಟ್ಟರು. ಕಾಡಿನಲ್ಲಿ ಸೌದೆ ಆಯುವ, ಹೊಳೆಯಲ್ಲಿ ಮೀನು ಹಿಡಿಯುವ ಹಕ್ಕುಗಳೂ ಅದರಲ್ಲಿದ್ದವು. ಟಾಸಿಂಗ್‌ನ ಜನರ ಸಿಟ್ಟು ಇಂಥ ಹಕ್ಕುಗಳನ್ನು ಮಠ ಒಂದೊಂದಾಗಿ ಕಿತ್ತುಕೊಂಡದ್ದರಿಂದಲೇ ಬೆಳೆದದ್ದು. ಇತಿಹಾಸದ ದೊಡ್ಡ ಘಟನೆಯನ್ನು ಹಿನ್ನೆಲೆಯ ಪರದೆಯಾಗಿ ತೂಗುಹಾಕದೆ, ಸೌದೆ, ಕಂದಾಯ, ಹಬ್ಬದ ಆಚರಣೆಗಳ ಮಟ್ಟಕ್ಕೆ ಇಳಿಸಿ ತೋರಿಸಿರುವುದು ನಿರ್ದೇಶಕ ಜೋಶ್ ಸಾಯರ್ ಅವರ ಓದಿನ ಫಲ. ಅವರು ವಿಸ್ಕಾನ್ಸಿನ್‌ನ ಲಾರೆನ್ಸ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವರು, 'ಫಾಲ್‌ಔಟ್: ನ್ಯೂ ವೇಗಸ್' ಮತ್ತು 'ಪಿಲರ್ಸ್ ಆಫ್ ಎಟರ್ನಿಟಿ'ಯನ್ನು ನಿರ್ದೇಶಿಸಿದವರು, ಐತಿಹಾಸಿಕ ಆಟ ಮಾಡಬೇಕೆಂಬ ಆಸೆಯನ್ನು ಬಹಳ ವರ್ಷಗಳಿಂದ ಹೊತ್ತು ತಿರುಗಿದವರು.

ಆ ಆಸೆ ಅಷ್ಟು ವರ್ಷ ಏಕೆ ಕಾದಿತ್ತು ಎಂಬುದನ್ನು ತಿಳಿಯಬೇಕಾದರೆ ಅಬ್ಸಿಡಿಯನ್ ನಡೆದು ಬಂದ ದಾರಿಯನ್ನು ನೋಡಬೇಕು. ಇಂಟರ್‌ಪ್ಲೇ ಕಂಪನಿಯ ಬ್ಲ್ಯಾಕ್ ಐಲ್ ವಿಭಾಗದಿಂದ ಹೊರಬಂದ ಫರ್ಗಸ್ ಉರ್ಕ್‌ಹಾರ್ಟ್ ಮತ್ತು ಸಂಗಡಿಗರು 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಕಟ್ಟಿದರು. ಸ್ವತಂತ್ರ ಸ್ಟುಡಿಯೊ ಎಂಬ ಮಾತು ಕೇಳಲು ಇಂಪಾಗಿದೆ. ಆದರೆ ಮೊದಲ ಹತ್ತು ವರ್ಷ ಅವರು ಮಾಡಿದ್ದು ಹೆಚ್ಚಾಗಿ ಬೇರೆಯವರ ಒಡೆತನದ ಲೋಕಗಳಲ್ಲಿ, ಬೇರೆಯವರ ಗಡುವಿನೊಳಗಿನ ಕೂಲಿಕೆಲಸ. 2004ರ ಡಿಸೆಂಬರ್‌ನಲ್ಲಿ ಬಂದ 'ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2' ಕೊನೆಯ ಭಾಗವನ್ನು ಕತ್ತರಿಸಿಕೊಂಡೇ ಮಾರುಕಟ್ಟೆಗೆ ಬಂತು; ಬಿಟ್ಟುಹೋದ ಭಾಗಗಳನ್ನು ಅಭಿಮಾನಿಗಳು ವರ್ಷಗಟ್ಟಲೆ ದುಡಿದು ಮತ್ತೆ ಜೋಡಿಸಿದರು. 2010ರ ನ್ಯೂ ವೇಗಸ್ ಅನ್ನು ಸುಮಾರು ಹದಿನೆಂಟು ತಿಂಗಳಲ್ಲಿ ಮುಗಿಸಿದರು. ವಿಮರ್ಶೆಗಳ ಸರಾಸರಿ ಅಂಕ 85 ಮುಟ್ಟಿದ್ದರೆ ಪ್ರಕಾಶಕರಿಂದ ಹೆಚ್ಚುವರಿ ಹಣ ಬರುತ್ತಿತ್ತು, ಬಂದದ್ದು 84 ಎಂದು ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ, ಮುಂದೆ ಒಡೆಯನಾಗಲಿದ್ದ ಮೈಕ್ರೋಸಾಫ್ಟ್, ಎಕ್ಸ್‌ಬಾಕ್ಸ್ ಎಂಬ ತನ್ನ ಆಟದ ಯಂತ್ರದ ಹೊಸ ಆವೃತ್ತಿಗಾಗಿ ಈ ಸ್ಟುಡಿಯೊ ಸಿದ್ಧಪಡಿಸುತ್ತಿದ್ದ ದೊಡ್ಡ ಆಟವೊಂದನ್ನು ರದ್ದು ಮಾಡಿತು, ಹಲವರು ಕೆಲಸ ಕಳೆದುಕೊಂಡರು. ಪ್ರಕಾಶಕರು ಹಂತಹಂತವಾಗಿ ಕೊಡುವ ಹಣದಲ್ಲೇ ಸಂಬಳ ಹೊರಡುವ ಸಂಸ್ಥೆಯಲ್ಲಿ, ಒಂದು ಯೋಜನೆ ನಿಂತರೆ ಮುಂದಿನ ತಿಂಗಳ ಸಂಬಳಕ್ಕೇ ಸಂಚಕಾರ.

ಅಂಥ ಹೊತ್ತಿನಲ್ಲಿ, 2012ರ ಸೆಪ್ಟೆಂಬರ್‌ನಲ್ಲಿ, ಅವರು ಕಿಕ್‌ಸ್ಟಾರ್ಟರ್ ಎಂಬ, ಜನರಿಂದ ಹಣ ಕೂಡಿಸುವ ಜಾಲತಾಣದ ಮೂಲಕ ಆಟಗಾರರ ಬಳಿಯೇ 11 ಲಕ್ಷ ಡಾಲರ್ ಕೇಳಿದರು. ಸುಮಾರು 40 ಲಕ್ಷ ಡಾಲರ್ ಕೂಡಿತು. 2015ರಲ್ಲಿ ಬಂದ ಪಿಲರ್ಸ್ ಆಫ್ ಎಟರ್ನಿಟಿ ಆ ಹಣದ ಫಲ. ಸಾರ್ವಜನಿಕರ ಹಣ ಸ್ಟುಡಿಯೊವನ್ನು ಉಳಿಸಿತು ನಿಜ, ಆದರೆ ಅದಕ್ಕೂ ಅದರದೇ ಕಟ್ಟುಪಾಡು ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ತಾವು ಮೆಚ್ಚಿದ ಆಟಗಳಂಥದ್ದೇ ಇನ್ನೊಂದು ಬೇಕೆಂದು ಜನ ಹಣ ಕೊಟ್ಟಿದ್ದರು. ಕುಲುಮೆ, ಕತ್ತಿ, ಮಾಂತ್ರಿಕರು ಇಲ್ಲದ ಆಟವನ್ನು ಅವರ ಮುಂದೆ ಇಡುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. 2018ರ ಮೇ ತಿಂಗಳಲ್ಲಿ ಬಂದ ಪಿಲರ್ಸ್‌ನ ಎರಡನೆಯ ಭಾಗ ಒಳ್ಳೆಯ ವಿಮರ್ಶೆ ಪಡೆದರೂ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಆರು ತಿಂಗಳಲ್ಲಿ ಸ್ಟುಡಿಯೊ ಮೈಕ್ರೋಸಾಫ್ಟ್ ಪಾಲಾಯಿತು. ಅದೇ ದಿನ, ಬ್ರಯಾನ್ ಫಾರ್ಗೊ ನೇತೃತ್ವದ ಇನ್‌ಎಕ್ಸೈಲ್ ಎಂಬ ಇನ್ನೊಂದು ರೋಲ್ ಪ್ಲೇಯಿಂಗ್ ಸ್ಟುಡಿಯೊವನ್ನೂ ಮೈಕ್ರೋಸಾಫ್ಟ್ ಕೊಂಡಿತು. ಅದೂ ಆಟಗಾರರ ದೇಣಿಗೆಯಿಂದಲೇ ಹಲವು ವರ್ಷ ಉಸಿರಾಡಿದ ಸಂಸ್ಥೆ.

ಈ ಹಿನ್ನೆಲೆಯನ್ನು ಬಲ್ಲವರು ಮಾರಾಟವನ್ನು ದ್ರೋಹವೆಂದು ಕರೆಯಲಾರರು. ಹದಿನೈದು ವರ್ಷ ಸಂಬಳದ ಚಿಂತೆಯಲ್ಲೇ ಕಳೆದವರಿಗೆ ಒಂದಿಷ್ಟು ನೆಮ್ಮದಿ ಬೇಕಾಗಿತ್ತು. ಪೆಂಟಿಮೆಂಟ್ ಹುಟ್ಟಿದ್ದು ಆ ನೆಮ್ಮದಿಯಿಂದ. ಸಾಯರ್ ಸುಮಾರು 13 ಜನರ ತಂಡ ಕಟ್ಟಿಕೊಂಡು ಈ ಆಟ ಮಾಡಿದರು. ಸ್ಟುಡಿಯೊದ ಉಳಿದವರು ದೊಡ್ಡ ಆಟಗಳಲ್ಲಿ ತೊಡಗಿದ್ದರು. ಗೇಮ್ ಪಾಸ್ ಎಂಬ ಮೈಕ್ರೋಸಾಫ್ಟ್‌ನ ಚಂದಾ ಸೇವೆ ಇಲ್ಲದಿದ್ದರೆ ಇಂಥದೊಂದು ಆಟವನ್ನು ತಾವು ಯಾರ ಮುಂದೆಯೂ ಪ್ರಸ್ತಾಪಿಸುತ್ತಲೇ ಇರಲಿಲ್ಲ ಎಂಬರ್ಥದ ಮಾತನ್ನು ಸಾಯರ್ ಸ್ವತಃ ಆಡಿದ್ದಾರೆ. ಅದರ ತರ್ಕ ಸರಳವಾಗಿದೆ. ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಆಟ ತನ್ನ ಖರ್ಚನ್ನು ತಾನೇ ಗಳಿಸಬೇಕು. ತಿಂಗಳ ಚಂದಾ ಕಟ್ಟುವವರಿಗಾದರೆ ಬಗೆಬಗೆಯ ಆಟಗಳು ಬೇಕು. ದೊಡ್ಡ ಆಟಗಳ ನಡುವಿನ ಬಿಡುವನ್ನು ತುಂಬುವ, ಸೇವೆಗೆ ಗೌರವ ತರುವ ಸಣ್ಣ ಆಟಕ್ಕೂ ಅಲ್ಲಿ ಸ್ಥಾನವಿದೆ. ಪ್ರಕಾಶಕರ ಪದ್ಧತಿಯೂ ಜನರ ದೇಣಿಗೆಯ ಪದ್ಧತಿಯೂ ಕೊಡಲಾರದಿದ್ದ ಅವಕಾಶವನ್ನು ಈ ಖರೀದಿ ಕೊಟ್ಟಿತು ಎಂದು ಒಪ್ಪಿಕೊಳ್ಳುವುದು ಸತ್ಯಕ್ಕೆ ನಾವು ಸಲ್ಲಿಸಬೇಕಾದ ಮರ್ಯಾದೆ.

ಆದರೆ ಆಟದ ಒಳಗೇ ಇನ್ನೊಂದು ವಿಷಯವಿದೆ, ಅದನ್ನು ಗಮನಿಸದೆ ಈ ಆಟದ ವಿಮರ್ಶೆ ಪೂರ್ಣವಾಗದು. ಆಂಡ್ರಿಯಾಸ್ ಕೆಲಸ ಮಾಡುವ ಲಿಪಿಶಾಲೆ ತನ್ನ ಕಾಲ ಮುಗಿದ ಮೇಲೂ ನಡೆಯುತ್ತಿರುವ ಸ್ಥಳ. ಹೊರಗೆ ಅಚ್ಚಿನ ಯಂತ್ರ ಬಂದಿದೆ, ಊರಲ್ಲೇ ಮುದ್ರಣಕಾರನಿದ್ದಾನೆ. ಬ್ಯಾರನ್‌ನಂಥ ಸಿರಿವಂತರು ಪುಸ್ತಕ ಬರೆಸುವವರೆಗೆ, ಮಠಾಧಿಪತಿ ಸಹಿಸುವವರೆಗೆ ಅಲ್ಲಿ ದೀಪ ಉರಿಯುತ್ತದೆ. ಅಲ್ಲಿ ಕೂತು ಬರೆಯುವವರ ಕೈಚಳಕ ಎಷ್ಟೇ ದೊಡ್ಡದಾದರೂ ಆ ಕೋಣೆಯ ಭವಿಷ್ಯವನ್ನು ನಿರ್ಧರಿಸುವುದು ಅವರಲ್ಲ. ತಯಾರಕರು ತಮ್ಮದೇ ಸ್ಥಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದರೆಂದು ನಾನು ಹೇಳುತ್ತಿಲ್ಲ. ಆಶ್ರಯದಲ್ಲಿ ದುಡಿಯುವ ಕಲಾವಿದನ ಪಾಡು ಐನೂರು ವರ್ಷಗಳಲ್ಲಿ ಅಷ್ಟೇನೂ ಬದಲಾಗಿಲ್ಲ ಎಂಬುದು ಆಡುವಾಗ ಮನಸ್ಸಿಗೆ ತಟ್ಟುತ್ತದೆ, ಅಷ್ಟೇ. ಆಶ್ರಯ ಬಹಳ ದೊಡ್ಡ ವರ. ಆದರೆ ಅದು ಅನುಮತಿಯೇ ಹೊರತು ಹಕ್ಕಲ್ಲ.

ಇದು ಕೇವಲ ಆತಂಕದ ಮಾತಲ್ಲ ಎಂಬುದಕ್ಕೆ ಪೆಂಟಿಮೆಂಟ್‌ನ ಜೊತೆಯಲ್ಲೇ ನಡೆದ ಆಟವೊಂದರ ಕಥೆ ಸಾಕು. 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ನಾಲ್ಕು ಆಟಗಳನ್ನು ಪ್ರತಿಸ್ಪರ್ಧಿಗಳ ಯಂತ್ರಗಳಿಗೂ ಕೊಡಲು ನಿರ್ಧರಿಸಿತು. ಪೆಂಟಿಮೆಂಟ್ ಫೆಬ್ರವರಿ 22ರಂದು ಪ್ಲೇಸ್ಟೇಷನ್ ಮತ್ತು ಸ್ವಿಚ್‌ಗೆ ಬಂತು. ಆ ನಾಲ್ಕರಲ್ಲಿ ಇನ್ನೊಂದು, ಜಪಾನಿನ ಟ್ಯಾಂಗೊ ಗೇಮ್‌ವರ್ಕ್ಸ್ ಮಾಡಿದ, ವಿಮರ್ಶಕರು ಮನಸಾರೆ ಹೊಗಳಿದ 'ಹೈ-ಫೈ ರಷ್'. ಮೂರು ತಿಂಗಳೂ ತುಂಬುವ ಮೊದಲು, ಮೇ 7ರಂದು, ಟ್ಯಾಂಗೊವನ್ನು ಮುಚ್ಚುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಆರ್ಕೇನ್ ಆಸ್ಟಿನ್ ಸ್ಟುಡಿಯೊವನ್ನು ಮುಚ್ಚುವ ಸುದ್ದಿಯೂ ಅಂದೇ ಬಂತು. ಆಗಸ್ಟ್‌ನಲ್ಲಿ ಕೊರಿಯಾದ ಗೇಮ್ ಕಂಪನಿ ಕ್ರಾಫ್ಟನ್ ಅದನ್ನು ವಹಿಸಿಕೊಳ್ಳಲು ಮುಂದೆ ಬಂದದ್ದರಿಂದ ಟ್ಯಾಂಗೊ ಹೆಸರು ಉಳಿಯಿತು. ಒಂದೇ ಸೇವೆಗಾಗಿ, ಒಂದೇ ತರ್ಕದಲ್ಲಿ, ಒಂದೇ ಬಗೆಯ ಮೆಚ್ಚುಗೆ ಗಳಿಸಿದ ಎರಡು ಆಟಗಳಲ್ಲಿ ಒಂದರ ತಯಾರಕರು ಉಳಿದರು, ಇನ್ನೊಂದರವರು ಬೀದಿಗೆ ಬಿದ್ದರು. ಅವರು ಮಾಡಿದ ಕೆಲಸದ ಗುಣದಲ್ಲಿ ಇದಕ್ಕೆ ಕಾರಣ ಹುಡುಕಿದರೆ ಸಿಗದು.

ಕಾರಣ ಇರುವುದು ಒಡೆಯನ ಗಾತ್ರದಲ್ಲಿ. 2018ರಲ್ಲಿ ಅಬ್ಸಿಡಿಯನ್ ಅನ್ನು ಕೊಂಡಾಗ ಎಕ್ಸ್‌ಬಾಕ್ಸ್‌ಗೆ ಒಳ್ಳೆಯ ಆಟಗಳ ಬರವಿತ್ತು, ಆದ್ದರಿಂದ ಪ್ರತಿ ಸ್ಟುಡಿಯೊವೂ ಅಮೂಲ್ಯವಾಗಿತ್ತು. 2021ರಲ್ಲಿ 750 ಕೋಟಿ ಡಾಲರ್ ಕೊಟ್ಟು ಬೆಥೆಸ್ಡಾ ಎಂಬ ಗೇಮ್ ಕಂಪನಿಯ ಮಾತೃಸಂಸ್ಥೆ ಜೆನಿಮ್ಯಾಕ್ಸ್ ಅನ್ನು ಕೊಂಡದ್ದಾಯಿತು. 2023ರ ಅಕ್ಟೋಬರ್‌ನಲ್ಲಿ 6,870 ಕೋಟಿ ಡಾಲರ್ ಮೊತ್ತಕ್ಕೆ ಆಕ್ಟಿವಿಷನ್ ಬ್ಲಿಝರ್ಡ್ ಎಂಬ ದೊಡ್ಡ ಗೇಮ್ ಕಂಪನಿಯ ಖರೀದಿ ಮುಗಿಯಿತು. ಅದಾದ ಮೂರೇ ತಿಂಗಳಲ್ಲಿ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಲಾಯಿತು. ಇಷ್ಟು ದೊಡ್ಡ ಮೊತ್ತ ಹೂಡಿದ ಮೇಲೆ ಲೆಕ್ಕ ಕೇಳುವವರು ಬದಲಾಗುತ್ತಾರೆ, ಅವರು ಕೇಳುವ ಪ್ರಶ್ನೆಗಳೂ ಬದಲಾಗುತ್ತವೆ. 13 ಜನರ ತಂಡವೊಂದು ಕೆಂಪು ಶಾಯಿಯ ಕೆಲಸದ ಬಗ್ಗೆ ತಲೆಕೆಡಿಸಿಕೊಂಡು ಕೂರಲು ಅಂಥ ಲೆಕ್ಕದಲ್ಲಿ ಜಾಗ ಕಿರಿದಾಗುತ್ತದೆ. ಆ ತಂಡಕ್ಕೆ ಹಣ ಒದಗಿಸಿದ ಚಂದಾ ಸೇವೆಯ ಮೇಲ್ದರ್ಜೆಯ ದರವನ್ನು 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್‌ನಿಂದ 29.99 ಡಾಲರ್‌ಗೆ ಏರಿಸಲಾಯಿತು. ಏರಿದ ದರ ಕೊಡುವ ಚಂದಾದಾರನಿಗೆ ತೋರಿಸಲು ಒಡೆಯನಿಗೆ ದೊಡ್ಡ ಹೆಸರುಗಳೇ ಬೇಕಾಗುತ್ತವೆ ಎಂದು ನನಗನಿಸುತ್ತದೆ. ಸ್ಟುಡಿಯೊಗಳ ಖರೀದಿಯನ್ನು ಸಾರಾಸಗಟಾಗಿ ಹಳಿಯುವವನು ನಾನಲ್ಲ. ಕೊಳ್ಳುವವರು ಮೊದಲ ವರ್ಷ ಆಡುವ ಸವಿಮಾತಿಗಿಂತ, ಕೊಂಡ ಮೇಲೆ ಸಣ್ಣ ತಂಡಗಳಿಗೆ ಎರಡನೆಯ, ಮೂರನೆಯ ಆಟದ ಅವಕಾಶವನ್ನು ಕೊಟ್ಟರೇ ಎಂಬುದನ್ನು ನೋಡಬೇಕೆಂದಷ್ಟೇ ನನ್ನ ವಾದ.

ಆಟಕ್ಕೆ ಮರಳೋಣ. ಕೊರತೆಗಳೂ ಇವೆ. ಮೊದಲ ಒಂದೆರಡು ಗಂಟೆ ಬಹಳ ನಿಧಾನ. ಹೆಸರುಗಳ ಪರಿಚಯವಾಗುವುದರೊಳಗೆ ಬೇಸತ್ತು ಬಿಟ್ಟವರಿದ್ದರೆ ಅವರನ್ನು ದೂರುವಂತಿಲ್ಲ. ಊರಿನಿಂದ ಮಠಕ್ಕೆ, ಮಠದಿಂದ ಕಾಡಿಗೆ ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆಸುತ್ತಾರೆ. ಯಾವ ಕೆಲಸ ಹಿಡಿದರೆ ಹೊತ್ತು ಮುಂದಕ್ಕೆ ಹೋಗುತ್ತದೆ, ಯಾವುದರಿಂದ ಹೋಗುವುದಿಲ್ಲ ಎಂಬುದು ಕೆಲವೆಡೆ ಅಸ್ಪಷ್ಟ. ಮೂರನೆಯ ಭಾಗದಲ್ಲಿ ಬೇರೊಂದು ಪಾತ್ರ ನಮ್ಮ ಕೈಗೆ ಬರುತ್ತದೆ. ಆ ಭಾಗ ಮನಸ್ಸಿಗೆ ಹಿತವಾಗಿದ್ದರೂ ಆಯ್ಕೆಗಳ ತೂಕ ಅಲ್ಲಿ ಇಳಿದಿದೆ. ಇಷ್ಟು ಹೊತ್ತು ಅನಿಶ್ಚಿತತೆಯನ್ನು ಧೈರ್ಯದಿಂದ ಕಾಪಾಡಿಕೊಂಡು ಬಂದ ಕಥೆ ಕೊನೆಯಲ್ಲಿ ಎಲ್ಲದರ ಹಿಂದಿದ್ದ ಒಂದು ಕೈಯನ್ನು ತೋರಿಸುವ ಆತುರಕ್ಕೆ ಬೀಳಬಾರದಿತ್ತು ಎಂದು ನನಗನಿಸಿತು.

ಕನ್ನಡದ ಆಟಗಾರರಿಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ಆಟ ಭಾರತದ ಯಾವ ಭಾಷೆಯಲ್ಲೂ ಇಲ್ಲ, ಮತ್ತು ಇದು ಪೂರ್ತಿ ಓದಿನ ಮೇಲೆಯೇ ನಿಂತಿರುವ ಆಟ; ಧ್ವನಿಯ ನೆರವಿಲ್ಲದೆ ಹದಿನೈದಿಪ್ಪತ್ತು ಗಂಟೆಗಳಷ್ಟು ಇಂಗ್ಲಿಷ್ ಓದಬೇಕಾಗುತ್ತದೆ. ಗೋಥಿಕ್ ಅಕ್ಷರಗಳು ಕಣ್ಣಿಗೆ ತೊಡಕಾದರೆ ಸೆಟ್ಟಿಂಗ್ಸ್‌ನಲ್ಲಿ ಸುಲಭವಾಗಿ ಓದಬಹುದಾದ ಅಕ್ಷರಗಳನ್ನು ಆರಿಸಿಕೊಳ್ಳಬಹುದು. ಹಾಗೆ ಮಾಡಿದರೆ ಆಟದ ಸೊಗಸಿನ ಒಂದು ಪಾಲು ಕೈತಪ್ಪುತ್ತದೆ, ಆದ್ದರಿಂದ ಮೊದಲ ಕೆಲವು ದೃಶ್ಯಗಳನ್ನಾದರೂ ಮೂಲ ಅಕ್ಷರಗಳಲ್ಲೇ ಓದಿ ನೋಡಿ ಎಂದು ಕೋರುತ್ತೇನೆ. ಕಣ್ಣು ಬೇಗ ಹೊಂದಿಕೊಳ್ಳುತ್ತದೆ.

ಎಲ್ಲಿ ಆಡಬೇಕು ಎಂದು ಕೇಳುವವರಿಗೆ, ಸಾಧ್ಯವಾದರೆ ಕಂಪ್ಯೂಟರ್‌ನಲ್ಲೋ ದೊಡ್ಡ ತೆರೆಯ ಮೇಲೋ ಆಡಿ. ಕೈಯಲ್ಲಿ ಹಿಡಿದಾಡುವ ಸ್ವಿಚ್‌ನ ಚಿಕ್ಕ ತೆರೆಯಲ್ಲಿ ಇಷ್ಟು ಬರಹವನ್ನು ಓದುವುದು ಕಣ್ಣಿಗೆ ಶ್ರಮ. ಎರಡು ಆಯಾಮದ ಚಿತ್ರಗಳ ಆಟವಾದ್ದರಿಂದ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ಚಂದಾ ಸೇವೆಯಲ್ಲಿ ಆಡುವ ಬದಲು ಬಿಡಿಯಾಗಿ ಕೊಳ್ಳುವುದು ಒಳ್ಳೆಯದೆಂಬುದು ನನ್ನ ಸಲಹೆ. ಬಿಡುಗಡೆಯಾದಾಗ ಇದರ ಬೆಲೆ 19.99 ಡಾಲರ್ ಇತ್ತು, ರಿಯಾಯಿತಿ ಮಾರಾಟಗಳಲ್ಲಿ ಇನ್ನೂ ಕಡಿಮೆಗೆ ಸಿಗುತ್ತದೆ. ಹೀಗೆ ಬಿಡಿಯಾಗಿ ಹೋದ ಪ್ರತಿಗಳು ಈ ಆಟದ ಹೆಸರಿನಲ್ಲೇ ಒಡೆಯನ ಪುಸ್ತಕದಲ್ಲಿ ದಾಖಲಾಗುತ್ತವೆ. ಸಾಯರ್ ಅವರ ತಂಡ ಇಂಥದೇ ಇನ್ನೊಂದು ಆಟಕ್ಕೆ ಅನುಮತಿ ಕೇಳಲು ಹೋದಾಗ ಅವರ ಕೈಯಲ್ಲಿ ಆ ಅಂಕಿಯಾದರೂ ಇರಬೇಕು.